ಗೋಲು ಬರುತ್ತಿಲ್ಲ: ತಪ್ಪು ಕೋಚ್‌ದೋ, ಆಟಗಾರರದೋ?

ಓದುಗರ ಪ್ರಶ್ನೆ: ನಾನು ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರದವನು. ನಮ್ಮ ಏರಿಯಾದಲ್ಲಿ ಫುಟ್‌ಬಾಲ್ ಹುಚ್ಚು ಎಷ್ಟಿದೆ ಅಂತ ನಿಮಗೆ ಹೇಳಬೇಕಿಲ್ಲ. 2023ರಲ್ಲಿ ಕಂಠೀರವ ಸ್ಟೇಡಿಯಂನಲ್ಲಿ ಭಾರತ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದಾಗ ನಾನು, ನಮ್ಮ ಭಾವ ಇಬ್ಬರೂ ಗ್ಯಾಲರಿಯಲ್ಲಿದ್ದೆವು. ಅದಾಗಿ ಆರು ತಿಂಗಳಿಗೆ ಏಷ್ಯನ್ ಕಪ್‌ನಲ್ಲಿ ಒಂದೂ ಗೋಲು ಬರಲಿಲ್ಲ. 2024ರಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ಆಮೇಲೆ ಬಾಂಗ್ಲಾದೇಶ, ಹಾಂಗ್‌ಕಾಂಗ್ ಎದುರೂ ಗೋಲು ಹುಟ್ಟಲಿಲ್ಲ. ಸ್ಟಿಮಾಚ್ ಹೋದರು, ಮನೊಲೊ ಬಂದು ಹೋದರು, ಖಾಲಿದ್ ಜಮೀಲ್ ಬಂದರು. ಕೋಚ್‌ಗಳಿಗೆ ಅಟ್ಯಾಕ್ ಆಡಿಸುವುದು ಗೊತ್ತಿಲ್ಲ ಎಂಬುದು ನನ್ನ ವಾದ. ‘ಯಾವ ಕೋಚ್ ಬಂದ್ರೂ ಅಷ್ಟೇ, ನಮ್ ಹುಡುಗರಿಗೆ ಗೋಲ್ ಹೊಡಿಯಕ್ಕೇ ಬರಲ್ಲ’ ಅಂತ ಭಾವ ಹಟ ಹಿಡಿಯುತ್ತಾರೆ. ಇಬ್ಬರಲ್ಲಿ ಯಾರು ಸರಿ? ಇನ್ನೊಂದು ವಿಷಯ. ನನ್ನ ಮಗನಿಗೆ 14 ವರ್ಷ. ಅಕಾಡೆಮಿಯಲ್ಲಿ ಸ್ಟ್ರೈಕರ್ ಆಗಿದ್ದ. ಈ ಸೀಸನ್‌ನಲ್ಲಿ ಕೋಚ್ ಅವನನ್ನು ರೈಟ್ ವಿಂಗ್‌ಗೆ ಹಾಕಿದ್ದಾರೆ. ‘ಓಟ ಚೆನ್ನಾಗಿದೆ, ಮುಂದೆ ಚಾನ್ಸ್ ಸಿಗೋದು ಅಲ್ಲೇ’ ಅನ್ನುತ್ತಾರೆ. ಹುಡುಗನಿಗೆ ಬೇಜಾರಾಗಿದೆ. ಒಪ್ಪಿಕೊಳ್ಳಲೋ, ಅಕಾಡೆಮಿ ಬದಲಿಸಲೋ?

ತಜ್ಞರ ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ಎರಡರ ಬೇರೂ ಒಂದೇ ಕಡೆ ಇದೆ. ಭಾರತ ತಂಡದ ನಂಬರ್ 9, ಅಂದರೆ ಗೋಲಿನ ಮುಂದೆ ನಡುವೆ ಆಡುವ ಸ್ಟ್ರೈಕರ್ ಜಾಗ ಯಾಕೆ ಬಡವಾಗಿದೆಯೋ, ನಿಮ್ಮ ಮಗನನ್ನು ಅಂಚಿಗೆ ಕಳಿಸಿದ್ದೂ ಬಹುಮಟ್ಟಿಗೆ ಅದೇ ಕಾರಣಕ್ಕೆ. ಮೊದಲು ನಿಮ್ಮ ಮತ್ತು ಭಾವನ ಜಗಳ ನೋಡೋಣ.

2024ರ ಲೆಕ್ಕವನ್ನು ಎದುರಿಗಿಟ್ಟುಕೊಂಡರೆ ನಿಮ್ಮಿಬ್ಬರ ವಾದವೂ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆ ವರ್ಷ ಭಾರತ 11 ಪಂದ್ಯ ಆಡಿತು. 5 ಡ್ರಾ, 6 ಸೋಲು, ಹೊಡೆದ ಗೋಲು 4. ಮೊದಲ 7 ಪಂದ್ಯ ಇಗೋರ್ ಸ್ಟಿಮಾಚ್ ಕೈಯಲ್ಲಿದ್ದವು, ಬಂದದ್ದು 2 ಗೋಲು. ಉಳಿದ 4 ಮನೊಲೊ ಮಾರ್ಕೇಸ್ ಕೈಯಲ್ಲಿ, ಅಲ್ಲೂ 2 ಗೋಲು. ವರ್ಷದ ಆ ನಾಲ್ಕು ಗೋಲುಗಳಲ್ಲಿ ಒಂದು, ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಸುನಿಲ್ ಚೆಟ್ರಿ ಹೊಡೆದ ಪೆನಾಲ್ಟಿ. ಇನ್ನೊಂದು, ಹೈದರಾಬಾದಿನಲ್ಲಿ ಮಲೇಷ್ಯಾ ಎದುರು ಕಾರ್ನರ್‌ಗೆ ಮುಂದೆ ಹೋಗಿದ್ದ ಡಿಫೆಂಡರ್ ರಾಹುಲ್ ಭೇಕೆ ಹೆಡ್ ಮಾಡಿದ್ದು. ನಡೆಯುತ್ತಿದ್ದ ಆಟದಲ್ಲಿ ಮುಂದಿನ ಸಾಲಿನವರು ಹೊಡೆದದ್ದು ದೋಹಾದಲ್ಲಿ ಕತಾರ್ ಎದುರು ಛಾಂಗ್ಟೆಯದೊಂದು, ವಿಯೆಟ್ನಾಂ ಎದುರು ಫಾರೂಖ್ ಚೌಧರಿಯದೊಂದು. ವರ್ಷವಿಡೀ ಎರಡೇ. ಆ ಇಬ್ಬರೂ ಕ್ಲಬ್‌ನಲ್ಲಿ ವಿಂಗ್‌ನಲ್ಲಿ ಆಡಿ ಬೆಳೆದವರು.

ಇದರಲ್ಲಿ ಒಂದು ರಿಯಾಯಿತಿ ಕೊಡಲೇಬೇಕು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಕತಾರ್ ಮೂರೂ ಮುಂದೆ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ತಂಡಗಳು. ಅವುಗಳ ಎದುರು ಒಂದೇ ಗೋಲು ಬಂತು ಅಂತ ಯಾರ ಮೇಲೂ ಕೂಗಾಡುವುದು ನ್ಯಾಯವಲ್ಲ. ಅಫ್ಘಾನಿಸ್ತಾನ, ಮಾರಿಷಸ್ ಎದುರಿನ ಸೊನ್ನೆಗಳಿಗೆ ಮಾತ್ರ ಈ ನೆಪ ಸಾಲದು.

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ನೀವು ಕಂಠೀರವದಲ್ಲಿ ಕಣ್ಣಾರೆ ಕಂಡ ಸ್ಯಾಫ್ ಕಪ್‌ನಲ್ಲೇ ಈ ರೋಗ ಇತ್ತು. ಸೆಮಿಫೈನಲ್‌ನಲ್ಲಿ ಲೆಬನಾನ್ ಎದುರು 120 ನಿಮಿಷ ಆಡಿ 0-0. ಫೈನಲ್‌ನಲ್ಲಿ ಕುವೈತ್ ಎದುರು 120 ನಿಮಿಷ ಆಡಿ 1-1. ಎರಡನ್ನೂ ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಪಾಕಿಸ್ತಾನದ ಎದುರಿನ 4-0ರಲ್ಲಿ ಚೆಟ್ರಿ ಹ್ಯಾಟ್ರಿಕ್ ಹೊಡೆದರು, ಅದರಲ್ಲೂ ಎರಡು ಪೆನಾಲ್ಟಿ. ಕಪ್ ಎತ್ತಿದ್ದರಿಂದ ಯಾರೂ ಆ ಲೆಕ್ಕ ಹಾಕಲಿಲ್ಲ. ಹಾಗಾಗಿ ಆರು ತಿಂಗಳಲ್ಲಿ ತಂಡ ಹಾಳಾಯಿತು ಎನ್ನುವುದು ಸರಿಯಲ್ಲ, ಅಷ್ಟರಲ್ಲಿ ಎದುರಾಳಿಗಳು ಬಲವಾದರು. ಪೆನಾಲ್ಟಿಯಲ್ಲಿ ಪಾರಾಗುವ ದಾರಿ ಮುಚ್ಚಿತು, ಒಳಗಿದ್ದ ಕೊರತೆ ಎಲ್ಲರ ಕಣ್ಣಿಗೆ ಬಿತ್ತು.

ಕೋಚ್ ಬದಲಾದರೂ ಗೋಲು ಬರಲಿಲ್ಲ, ಆದ್ದರಿಂದ ಆಟಗಾರರದೇ ತಪ್ಪು ಅಂತ ಭಾವ ಈಗ ಮೇಜು ಕುಟ್ಟಬಹುದು. ಅವರಿಗೆ ನಮ್ಮೂರಿನದೇ ಕ್ಲಬ್‌ನ ಒಂದು ಕತೆ ಹೇಳಿ. ಬೆಂಗಳೂರು ಎಫ್‌ಸಿ 2017-18ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಲೀಗ್ ಹಂತದ 18 ಪಂದ್ಯಗಳಲ್ಲಿ 35 ಗೋಲು ಹೊಡೆದಿತ್ತು. ನಡುವೆ ವೆನೆಜುವೆಲಾದ ಮಿಕು, ಎಡಗಡೆ ಚೆಟ್ರಿ. ಆ ಸೀಸನ್‌ನಲ್ಲಿ ಮಿಕು 15, ಚೆಟ್ರಿ 14. ಮರುವರ್ಷ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆದರು. ಮಿಕು ಗಾಯದಿಂದ ಹಲವು ಪಂದ್ಯ ತಪ್ಪಿಸಿಕೊಂಡರು. ಗೋಲು 29ಕ್ಕೆ ಇಳಿದರೂ ಟ್ರೋಫಿ ಬಂತು. 2019-20ರಲ್ಲಿ ಕೋಚ್ ಅವರೇ, ಪದ್ಧತಿಯೂ ಅದೇ, ಮಿಕು ಮಾತ್ರ ಇಲ್ಲ. ಗೋಲು 22. ಅದರಲ್ಲಿ ದೊಡ್ಡ ಪಾಲು ಡಿಮಾಸ್ ಡೆಲ್ಗಾಡೊ ಹಾಕುತ್ತಿದ್ದ ಕಾರ್ನರ್, ಫ್ರೀಕಿಕ್‌ಗಳಿಂದಲೇ ಹುಟ್ಟುತ್ತಿತ್ತು. ಇಲ್ಲಿಯವರೆಗೆ ಭಾವನ ಮಾತೇ ಗೆದ್ದಂತೆ ಕಾಣುತ್ತದೆ: ಒಳ್ಳೆಯ ನಂಬರ್ 9 ಹೋದ, ಗೋಲೂ ಹೋಯಿತು.

ಅದೇ 2019-20ರಲ್ಲಿ ಮಿಕು ಜಾಗಕ್ಕೆ ಅಂತ ಕರೆಸಿದ್ದು ಸ್ಪೇನಿನ ಮನುಯೆಲ್ ಒನ್ವು ಎಂಬ ಸ್ಟ್ರೈಕರ್‌ನನ್ನು. ಬೆಂಗಳೂರಿನಲ್ಲಿ ಗಾಯ, ಬೆಂಚು, ಆಗೊಮ್ಮೆ ಈಗೊಮ್ಮೆ ಕೆಲವು ನಿಮಿಷ. ಲೀಗ್‌ನಲ್ಲಿ ಒಂದೂ ಗೋಲು ಬರಲಿಲ್ಲ. ಅರ್ಧ ಸೀಸನ್‌ಗೆ ಒಡಿಶಾಕ್ಕೆ ಕಳಿಸಿದರು. ಅಲ್ಲಿ ಬೆರಳೆಣಿಕೆಯ ಪಂದ್ಯಗಳಲ್ಲಿ ಗೋಲುಗಳ ಸುರಿಮಳೆಯಾಯಿತು. ಒಡಿಶಾ ಚೆಂಡನ್ನು ನೆಲದ ಮೇಲೆ ವೇಗವಾಗಿ ಗೋಲಿನ ಮುಂದಿನ ಬಾಕ್ಸ್‌ಗೆ ತರುತ್ತಿತ್ತು, ನಂಬರ್ 9ಕ್ಕೆ ಕಾಲಿಗೆ ಚೆಂಡು ಸಿಗುತ್ತಿತ್ತು. ಬೆಂಗಳೂರಿನ ಆಟ ಆಗ ಬೇರೆ ಥರ ಇತ್ತು. ಆಟಗಾರ ಅವನೇ. ಆಗ ಗಾಯ ವಾಸಿಯಾಗಿತ್ತು, ತಂಡದ ಆಟವೂ ಬೇರೆಯಾಗಿತ್ತು.

ಹೀಗೆ ಒಂದು ಕಡೆ ಕೋಚ್ ಬದಲಾದರೂ ಫಲಿತಾಂಶ ಬದಲಾಗಲಿಲ್ಲ, ಇನ್ನೊಂದು ಕಡೆ ಕೋಚ್ ಅವರೇ ಇದ್ದು ಆಟಗಾರ ಹೋದಾಗ ಗೋಲು ಬತ್ತಿತು, ಮತ್ತೊಂದು ಕಡೆ ಆಟಗಾರ ಅವನೇ ಇದ್ದು ತಂಡ ಬದಲಾದಾಗ ಗೋಲು ಉಕ್ಕಿತು. ‘ಕೋಚೋ, ಆಟಗಾರರೋ’ ಎಂಬ ಪ್ರಶ್ನೆಗೆ ಎಲ್ಲ ತಂಡಕ್ಕೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಒಂದು ತಂಡ, ಒಂದು ಪಂದ್ಯಕ್ಕೆ ಉತ್ತರ ಕಂಡುಕೊಳ್ಳಬಹುದು. ಅದಕ್ಕೆ ನೋಡಬೇಕಾದದ್ದು ಸ್ಕೋರ್‌ಬೋರ್ಡ್ ಅಲ್ಲ, ದಾಳಿ ಎಲ್ಲಿ ಸತ್ತಿತು ಎಂಬುದು.

ಮುಂದಿನ ಪಂದ್ಯಕ್ಕೆ ನೀವೂ ಭಾವನೂ ಒಂದು ಹಾಳೆ, ಪೆನ್ನು ಇಟ್ಟುಕೊಂಡು ಕೂರಿ. ನಮ್ಮವರ ಕಾಲಿಗೆ ಚೆಂಡು ಬಂದು ಕೈಬಿಟ್ಟಾಗಲೆಲ್ಲ ಎಲ್ಲಿ ಬಿಟ್ಟರು, ಆ ಗಳಿಗೆಯಲ್ಲಿ ಚೆಂಡಿದ್ದವನಿಗೆ ಪಾಸ್ ಕೊಡಲು ಯಾರಾದರೂ ಇದ್ದರೇ ಅಂತ ಬರೆಯಿರಿ. ಸೆಂಟರ್ ಲೈನ್ ದಾಟುವ ಮುಂಚೆಯೇ ಸಾಲುಸಾಲಾಗಿ ಚೆಂಡು ಹೋಗುತ್ತಿದ್ದು, ಮುಂದಿನವರು ನಲವತ್ತು ಗಜ ದೂರದಲ್ಲಿ ಒಂಟಿಯಾಗಿ ನಿಂತಿದ್ದರೆ, ಅದು ಹೆಚ್ಚಾಗಿ ಕೋಚ್ ಲೆಕ್ಕಕ್ಕೆ ಸೇರಬೇಕು. ತಂಡವನ್ನು ಅಷ್ಟು ಹಿಂದೆ ನಿಲ್ಲಿಸಿದ್ದು, ಸಾಲುಗಳ ನಡುವೆ ಅಷ್ಟು ಜಾಗ ಬಿಟ್ಟಿದ್ದು ಅವರ ಯೋಜನೆ. ಪಾಸ್ ಕೊಡಲು ಇಬ್ಬರು ಕಾದಿದ್ದರೂ ಚೆಂಡು ಹಿಡಿದವನು ತಲೆ ಎತ್ತದೆ ಎರಡು ಟಚ್ ಹೆಚ್ಚು ಆಡಿ ಕಳೆದುಕೊಂಡರೆ ಅದು ಆಟಗಾರನದು. ಅಂಚಿನಿಂದ ಒಳ್ಳೆಯ ಕ್ರಾಸ್ ಬಂದು ಬಾಕ್ಸ್‌ನಲ್ಲಿ ನಮ್ಮವರು ಒಬ್ಬರೇ ಇದ್ದರೆ ಸುಮ್ಮನೆ ಒಂದು ಗುರುತು ಹಾಕಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಕೊನೆಗೆ, ಗೋಲಿನ ಮುಂದೆ ಸಿಕ್ಕಿ ತಪ್ಪಿಸಿದವು. ಆ ಕಾಲಮ್ ನೀವು ಅಂದುಕೊಂಡಷ್ಟು ತುಂಬುವುದಿಲ್ಲ.

‘ನಮ್ಮವರಿಗೆ ಫಿನಿಷಿಂಗ್ ಬರಲ್ಲ’ ಎನ್ನುವ ಮಾತಿನ ದೋಷ ಇಲ್ಲೇ ಇದೆ. ದೊಡ್ಡ ಲೀಗ್‌ಗಳಲ್ಲೂ ಸರಾಸರಿ ಹತ್ತು ಶಾಟ್‌ಗೆ ಒಂದು ಗೋಲು ಬರುತ್ತದೆ. ಪೆನಾಲ್ಟಿಯೇ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಸಲ ತಪ್ಪುತ್ತದೆ. ಗೋಲಿನ ಹತ್ತಿರದಿಂದ ನಾಲ್ಕೈದು ಅವಕಾಶ ಹುಟ್ಟಿಸುವ ತಂಡ ಒಂದನ್ನು ಹಾಳುಮಾಡಿದರೂ ಬದುಕುತ್ತದೆ. ಇಡೀ ಪಂದ್ಯಕ್ಕೆ ಒಂದೇ ಹುಟ್ಟಿದರೆ ಆ ಒಂದನ್ನು ತಪ್ಪಿಸಿದವನು ಖಳನಾಯಕನಾಗುತ್ತಾನೆ. 2025ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರು ಹಾಗೇ ಆಯಿತು. ಮೊದಲಾರ್ಧದಲ್ಲಿ ಆಶಿಕ್ ಕುರುಣಿಯನ್‌ಗೆ ಗೋಲಿನ ಎದುರೇ ಚೆಂಡು ಸಿಕ್ಕಿತು, ಗುರಿ ತಪ್ಪಿತು. ಕೊನೆಯ ಗಳಿಗೆಯಲ್ಲಿ ಎದುರಾಳಿಗೆ ಪೆನಾಲ್ಟಿ ಸಿಕ್ಕಿ 0-1. ವಾರಗಟ್ಟಲೆ ಎಲ್ಲರೂ ಆಶಿಕ್‌ನನ್ನೇ ಬೈದರು. ತಪ್ಪಿಸಿದ್ದು ನಿಜ. ಆದರೆ ತೊಂಬತ್ತು ನಿಮಿಷದ ಆಟದಲ್ಲಿ ಅಂಥ ಎರಡನೆಯ, ಮೂರನೆಯ ಅವಕಾಶ ಯಾಕೆ ಬರಲಿಲ್ಲ ಅಂತ ಕೇಳಿದವರು ಕಡಿಮೆ.

ನಮ್ಮ ಹುಡುಗರಿಗೆ ಎತ್ತರ ಸಾಲದು, ಮೈಕಟ್ಟು ಸಾಲದು ಎಂಬ ಮಾತನ್ನೂ ಪಕ್ಕಕ್ಕಿಡಿ. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಚೆಟ್ರಿ ಎತ್ತರದ ಆಳಲ್ಲ, ಆದರೂ ಅವರ ಗೋಲುಗಳಲ್ಲಿ ಹೆಡರ್ ಎಷ್ಟಿವೆ ನೋಡಿ.

ಹಾಗಂತ ಕೋಚ್‌ಗಳನ್ನು ನಾನು ಖುಲಾಸೆ ಮಾಡುತ್ತಿಲ್ಲ. ಏಷ್ಯನ್ ಕಪ್‌ನಲ್ಲಿ ಆಸ್ಟ್ರೇಲಿಯಾ ಎದುರು ಅರ್ಧ ಸಮಯದವರೆಗೆ 0-0 ಹಿಡಿದದ್ದು ಶಿಸ್ತಿನ ಕೆಲಸವೇ. ಆದರೆ ಚೆಂಡು ಕಿತ್ತುಕೊಂಡ ಮೇಲೆ ಮುಂದೇನು ಎಂಬುದಕ್ಕೆ ತಂಡದ ಹತ್ತಿರ ಉತ್ತರ ಇರಲಿಲ್ಲ. ಮೊದಲಾರ್ಧದಲ್ಲಿ ನಿಖಿಲ್ ಪೂಜಾರಿ ಬಲಗಡೆಯಿಂದ ಹಾಕಿದ ಕ್ರಾಸ್‌ಗೆ ಚೆಟ್ರಿ ತಲೆಕೊಟ್ಟರು, ಚೆಂಡು ಹೊರಗೆ ಹೋಯಿತು. ಆಮೇಲೆ ಅಂಥದ್ದು ಹೆಚ್ಚು ಕಾಣಲಿಲ್ಲ. ಮನೊಲೊ 2024-25ರಲ್ಲಿ ಎಫ್‌ಸಿ ಗೋವಾ ಮತ್ತು ಭಾರತ ತಂಡ ಎರಡನ್ನೂ ಒಟ್ಟಿಗೆ ನಡೆಸಿದರು. ಅವರು ಒಳ್ಳೆಯ ಕೋಚ್, ಹೈದರಾಬಾದಿಗೆ ಐಎಸ್‌ಎಲ್ ಟ್ರೋಫಿ ತಂದುಕೊಟ್ಟವರು. ಆದರೆ ದೇಶದ ತಂಡವನ್ನು ಎರಡನೇ ಕೆಲಸವಾಗಿ ಕೊಡಬಾರದು. ಅದನ್ನು ಒಪ್ಪಿದ ಅವರಿಗಿಂತ ಕೊಟ್ಟ ಫೆಡರೇಶನ್‌ನದು ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಇನ್ನೂ ದೊಡ್ಡದು, ಹತ್ತು ವರ್ಷಗಳಿಂದ ಬಂದ ಪ್ರತಿಯೊಬ್ಬ ಕೋಚ್‌ಗೂ ‘ಚೆಟ್ರಿ ಇದ್ದಾರಲ್ಲ’ ಎಂಬ ಧೈರ್ಯ. ಅವರ ನಂತರ ಯಾರು ಎಂಬುದಕ್ಕೆ ಗೆಲ್ಲಬಹುದಾದ ಸಣ್ಣ ಪಂದ್ಯಗಳಲ್ಲೂ ಯಾರೂ ಜಾಗ ಮಾಡಲಿಲ್ಲ. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ವಿದಾಯ ಹೇಳಿದ ಅವರನ್ನು 2025ರ ಮಾರ್ಚ್‌ನಲ್ಲಿ, 40ರ ವಯಸ್ಸಿನಲ್ಲಿ ಮತ್ತೆ ಕರೆತರಬೇಕಾಯಿತು. ಆ ಸೀಸನ್ ಐಎಸ್‌ಎಲ್‌ನಲ್ಲಿ ಅವರು 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾಗಿದ್ದರು, ಹಾಗಾಗಿ ಕರೆದದ್ದರಲ್ಲಿ ತಪ್ಪು ಹುಡುಕಲಾಗದು. ನಾಚಿಕೆ ಪಡಬೇಕಾದದ್ದು, ಎರಡನೆಯ ಹೆಸರು ಇಲ್ಲದ್ದಕ್ಕೆ.

ರಾಷ್ಟ್ರೀಯ ತಂಡದ ಕೋಚ್‌ಗೆ ಸಮಯವೂ ಸಿಗುವುದಿಲ್ಲ. ಡಿಫೆನ್ಸ್ ಕಟ್ಟುವುದು ಬೇಗ ಆಗುತ್ತದೆ: ಎಲ್ಲಿ ನಿಲ್ಲಬೇಕು, ಯಾರನ್ನು ಹಿಡಿಯಬೇಕು, ನಾಲ್ಕೈದು ದಿನದ ಕ್ಯಾಂಪ್‌ನಲ್ಲಿ ಕಲಿಸಬಹುದು. ದಾಳಿಗೆ ಹಾಗಲ್ಲ. ಚೆಂಡು ಬರುವ ಮುಂಚೆಯೇ ಜೊತೆಗಾರ ಎಲ್ಲಿಗೆ ಓಡುತ್ತಾನೆ ಅಂತ ಗೊತ್ತಿರಬೇಕು, ಅದು ತಿಂಗಳುಗಟ್ಟಲೆ ಜೊತೆಯಲ್ಲಿ ಆಡಿದಾಗ ಮಾತ್ರ ಬರುತ್ತದೆ. ನಾನು ನಡೆಸಿದ ಜಿಲ್ಲಾ ಲೀಗ್ ತಂಡಗಳಲ್ಲೂ ಪ್ರತಿ ಸೀಸನ್ ಇದೇ ಕ್ರಮ. ಗೋಲು ಬಿಡುವುದು ಮೊದಲ ವಾರಗಳಲ್ಲೇ ನಿಲ್ಲುತ್ತದೆ, ಗೋಲು ಬರಲು ಶುರುವಾಗುವುದು ಅರ್ಧ ಸೀಸನ್ ಕಳೆದ ಮೇಲೆ.

ಈಗ ನೀವು ಸುಮ್ಮನೆ ಗುರುತು ಹಾಕಿದ ಆ ಕ್ರಾಸ್‌ಗಳ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು.

ಅಂಚಿನಲ್ಲಿ ವಿಂಗರ್ ತಲೆ ಎತ್ತುತ್ತಾನೆ. ಬಾಕ್ಸ್‌ನಲ್ಲಿರುವ ಸ್ಟ್ರೈಕರ್‌ಗೆ ಆಗ ಸಿಗುವುದು ಒಂದು ಸೆಕೆಂಡು. ತಿಳಿದವನು ಮೊದಲು ಗೋಲಿನ ಹತ್ತಿರದ ಕಂಬದ ಕಡೆ ಎರಡು ಹೆಜ್ಜೆ ನುಗ್ಗುತ್ತಾನೆ. ಸೆಂಟರ್‌ಬ್ಯಾಕ್ ಅವನ ಹಿಂದೆ ಬರುತ್ತಾನೆ, ಆದರೆ ಕಣ್ಣು ಚೆಂಡಿನ ಮೇಲೆ. ಆ ಗಳಿಗೆಯಲ್ಲಿ ಸ್ಟ್ರೈಕರ್ ತಟ್ಟನೆ ನಿಂತು ಅವನ ಬೆನ್ನ ಹಿಂದಕ್ಕೆ ಜಾರುತ್ತಾನೆ. ಡಿಫೆಂಡರ್‌ಗೆ ಚೆಂಡು ಕಾಣುತ್ತದೆ, ಆಳು ಕಾಣುವುದಿಲ್ಲ. ಚೆಂಡು ತಲೆ ಮೇಲೆ ದಾಟಿ ಬಂದಾಗ ಒಂದು ಗಜ ಜಾಗ, ಒಂದೇ ಟಚ್. ಚೆಟ್ರಿ ಇದನ್ನು ಇಪ್ಪತ್ತು ವರ್ಷ ಮಾಡಿದರು. ಇದು ಬರುವುದು ಬಾಕ್ಸ್‌ನಲ್ಲಿ ಸಾವಿರಾರು ಸಲ ಆ ಓಟ ಓಡಿ, ಹೆಚ್ಚಿನ ಸಲ ಚೆಂಡು ಸಿಗದೆ ಬರಿಗೈಯಲ್ಲಿ ವಾಪಸಾಗಿ, ಮತ್ತೆ ಓಡಿದವನಿಗೆ. ಕ್ಯಾಂಪ್‌ಗೆ ಬಂದ 24ರ ಹುಡುಗನಿಗೆ ಐದು ದಿನದಲ್ಲಿ ಇದನ್ನು ಕಲಿಸುವ ಕೋಚ್ ಜಗತ್ತಿನಲ್ಲಿ ಯಾರೂ ಇಲ್ಲ.

ಆ ಸಾವಿರ ಸಲ ಓಡುವ ಜಾಗವೇ ನಮ್ಮ ಹುಡುಗರಿಗೆ ಸಿಗುತ್ತಿಲ್ಲ. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ 2024-25ರವರೆಗೂ ಒಬ್ಬ ಭಾರತೀಯನೂ ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಗೆದ್ದಿಲ್ಲ. ಗೆದ್ದವರೆಲ್ಲ ವಿದೇಶಿಯರು: ಕೋರೊ 18, ಒಗ್ಬೆಚೆ 18, 2024-25ರಲ್ಲಿ ಮೊರಾಕ್ಕೊದ ಅಲಾದ್ದೀನ್ ಅಜಾರೈ 23. ಮೊದಲ ಸೀಸನ್‌ಗಳಲ್ಲಿ ಮೈದಾನದಲ್ಲಿ ಆರು ವಿದೇಶಿಯರಿಗೆ ಅವಕಾಶ ಇತ್ತು, ಆಮೇಲೆ ಐದು, 2021-22ರಿಂದ ನಾಲ್ಕು. ನಾಲ್ಕಕ್ಕೆ ಇಳಿದರೂ ಕ್ಲಬ್‌ಗಳು ಆ ನಾಲ್ವರನ್ನು ಎಲ್ಲಿ ಹಾಕುತ್ತವೆ? ಡಿಫೆನ್ಸ್‌ನ ನಡುವೆ ಒಬ್ಬ, ಮಿಡ್‌ಫೀಲ್ಡ್‌ನ ನಡುವೆ ಒಬ್ಬಿಬ್ಬರು, ಮುಂದೆ ನಂಬರ್ 9. ಬೆನ್ನೆಲುಬು ಅವರದು, ಅಂಚು ನಮ್ಮದು. ಅದಕ್ಕೇ ನಮ್ಮಲ್ಲಿ ಛಾಂಗ್ಟೆ, ಲಿಸ್ಟನ್, ಮಹೇಶ್, ಉದಾಂತ ಎಂದು ವಿಂಗರ್‌ಗಳ ಸಾಲೇ ಇದೆ, ನಡುವೆ ಆಡುವವರನ್ನು ಬೆರಳಲ್ಲಿ ಎಣಿಸಬೇಕು. ಆ ನಡುವಿನವರೂ ಕ್ಲಬ್‌ಗೆ ಹಿಂದಿರುಗಿದರೆ ಬೆಂಚಿಗೆ, ಇಲ್ಲವೇ ವಿಂಗ್‌ಗೆ. ರಾಷ್ಟ್ರೀಯ ಕೋಚ್‌ಗಳನ್ನು ಮಾತ್ರ ಬದಲಿಸುತ್ತಾ ಹೋಗುವುದು, ಕೆರೆಯಲ್ಲಿ ನೀರಿಲ್ಲದಾಗ ತೂಬು ರಿಪೇರಿ ಮಾಡಿಸಿದಂತೆ.

ಇದಕ್ಕೆ ನಮ್ಮೂರಿನ ಟರ್ಫ್‌ಗಳನ್ನೂ ಸೇರಿಸುತ್ತೇನೆ. ಬೆಂಗಳೂರಿನಲ್ಲಿ ಈಗ ಹುಡುಗರು ಹೆಚ್ಚು ಹೊತ್ತು ಆಡುವುದು ಬಲೆ ಕಟ್ಟಿದ ಫೈವ್-ಎ-ಸೈಡ್ ಅಂಗಳಗಳಲ್ಲಿ. ಕಾಲುಚಳಕಕ್ಕೆ, ಇಕ್ಕಟ್ಟಿನಲ್ಲಿ ಪಾಸ್ ಮಾಡಲಿಕ್ಕೆ ಅದು ತುಂಬಾ ಒಳ್ಳೆಯದು. ಆದರೆ ಅಲ್ಲಿ ಕ್ರಾಸ್ ಇಲ್ಲ, ಆಫ್‌ಸೈಡ್ ಇಲ್ಲ, ನಿಜವಾದ ಬಾಕ್ಸ್ ಇಲ್ಲ. ಡಿಫೆಂಡರ್‌ನ ಬೆನ್ನ ಹಿಂದೆ ಜಾರುವ ಓಟ ಅಲ್ಲಿ ಕಲಿಯಲಾಗದು. ಪೂರ್ತಿ ಅಳತೆಯ ಮೈದಾನ ವಾರಕ್ಕೊಮ್ಮೆಯಾದರೂ ಸಿಗದ ಹುಡುಗ ನಂಬರ್ 9 ಆಗುವುದು ಕಷ್ಟ.

ಹಾಗಾದರೆ ಏನು ಮಾಡಬಹುದು? ಮತ್ತೆ ಕೋಚ್ ಬದಲಿಸುವುದು ಎಲ್ಲಕ್ಕಿಂತ ಸುಲಭ, ಜನಕ್ಕೂ ಸಮಾಧಾನ. ನೆದರ್‌ಲೆಂಡ್ಸ್‌ನ ಮೇಲ್ದರ್ಜೆ ಲೀಗ್‌ನ 1986ರಿಂದ 2004ರವರೆಗಿನ ಪಂದ್ಯಗಳನ್ನು ಅಲ್ಲಿನ ಅರ್ಥಶಾಸ್ತ್ರಜ್ಞರೊಬ್ಬರು ಪರಿಶೀಲಿಸಿದ್ದರು. ಸತತ ಸೋಲಿನ ನಂತರ ಕೋಚ್ ತೆಗೆದ ಕ್ಲಬ್‌ಗಳು ಚೇತರಿಸಿಕೊಂಡವು. ಅದೇ ಥರ ಸೋತರೂ ಕೋಚ್ ಉಳಿಸಿಕೊಂಡ ಕ್ಲಬ್‌ಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಕೆಟ್ಟ ಗಳಿಗೆ ತಾನಾಗೇ ಮುಗಿಯುತ್ತದೆ, ಹೆಸರು ಹೊಸ ಕೋಚ್‌ಗೆ ಹೋಗುತ್ತದೆ. ನಮ್ಮಂಥ ತಂಡಕ್ಕೆ ಅಪಾಯ ಇನ್ನೂ ಹೆಚ್ಚು, ಪ್ರತಿ ಸಲ ದಾಳಿಯ ಹೊಂದಾಣಿಕೆ ಮೊದಲಿಂದ ಶುರು ಮಾಡಬೇಕು.

ಸೆಟ್ ಪೀಸ್‌ಗಳನ್ನು ನೆಚ್ಚುವುದು ಇನ್ನೊಂದು ದಾರಿ. ಕಾರ್ನರ್, ಫ್ರೀಕಿಕ್, ಲಾಂಗ್ ಥ್ರೋಗಳನ್ನು ಕಡಿಮೆ ಸಮಯದಲ್ಲಿ ಕಲಿಸಬಹುದು. 2025ರ ಆಗಸ್ಟ್‌ನಲ್ಲಿ ಬಂದ ಖಾಲಿದ್ ಜಮೀಲ್ ಇದನ್ನೇ ಹಿಡಿದರು. ಮಧ್ಯ ಏಷ್ಯಾ ಒಕ್ಕೂಟದ ಕಾಫಾ ನೇಷನ್ಸ್ ಕಪ್‌ನಲ್ಲಿ ತಜಿಕಿಸ್ತಾನದ ಎದುರು 2-1ರಿಂದ ಗೆದ್ದಾಗ ಎರಡೂ ಗೋಲು ಡಿಫೆಂಡರ್‌ಗಳದು: ಅನ್ವರ್ ಅಲಿ, ಸಂದೇಶ್ ಜಿಂಗಾನ್. ಒಮಾನ್‌ನನ್ನು ಶೂಟೌಟ್‌ನಲ್ಲಿ ಸೋಲಿಸಿ ಮೂರನೇ ಸ್ಥಾನವೂ ಬಂತು. ಇದ್ದ ದಿನಗಳಲ್ಲಿ ಅದಕ್ಕಿಂತ ಜಾಣ ಕೆಲಸ ಇರಲಿಲ್ಲ. ಆದರೆ ಎದುರಾಳಿ ಅದಕ್ಕೆ ತಯಾರಾಗಿ ಬಂದರೆ ಕೈಯಲ್ಲಿ ಬೇರೆ ಏನೂ ಉಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರ ಎದುರು 1-2, ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಎದುರು 0-1. 2027ರ ಏಷ್ಯನ್ ಕಪ್‌ನ ಬಾಗಿಲು ಸಿಂಗಪುರ ಎದುರಿನ ಸೋಲಿಗೇ ಮುಚ್ಚಿತ್ತು.

ವಿದೇಶದಲ್ಲಿ ಹುಟ್ಟಿ ಬೆಳೆದ ಭಾರತ ಮೂಲದವರನ್ನು ತರಬಹುದು ಎನ್ನುವವರೂ ಇದ್ದಾರೆ. ನಮ್ಮ ಕಾನೂನಿನಲ್ಲಿ ಎರಡು ಪೌರತ್ವ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರತ್ವ ಪಡೆದರು. ಅದು ಸಣ್ಣ ತ್ಯಾಗವಲ್ಲ, ನನಗೆ ಅವರ ಮೇಲೆ ದೊಡ್ಡ ಗೌರವ ಇದೆ. ಆದರೆ ಅಷ್ಟು ಬೆಲೆ ತೆರಲು ಎಷ್ಟು ಜನ ಮುಂದೆ ಬಂದಾರು? ಬಂದರೂ ಒಂದು ತಲೆಮಾರಿನ ತೇಪೆ ಹಾಕಿದಂತಾಗುತ್ತದೆ, ಇಲ್ಲಿನ ಹುಡುಗನಿಗೆ ನಡುವೆ ಆಡಲು ಜಾಗ ಸಿಗುವುದಿಲ್ಲ.

ನನ್ನ ಮನಸ್ಸು ಲೀಗ್‌ನಲ್ಲಿ ಭಾರತೀಯ ಸ್ಟ್ರೈಕರ್‌ಗೆ ಜಾಗ ಮಾಡುವ ನಿಯಮದ ಕಡೆ ಇದೆ. ಇದರಲ್ಲೂ ಅಪಾಯ ಕಾಣುತ್ತದೆ. ಚೀನಾದ ಲೀಗ್ 2017ರಲ್ಲಿ 23ರ ಒಳಗಿನವನನ್ನು ಆರಂಭದ ಹನ್ನೊಂದರಲ್ಲಿ ಆಡಿಸಲೇಬೇಕು ಅಂತ ನಿಯಮ ತಂದಿತು. ಹಲವು ಕೋಚ್‌ಗಳು ಅವನನ್ನು ಕೆಲವು ನಿಮಿಷ ಆಡಿಸಿ ಹೊರಗೆ ಕರೆದರು. ಆದ್ದರಿಂದ ಬರೀ ‘ಆಡಿಸಲೇಬೇಕು’ ಅಂದರೆ ಸಾಲದು. ಭಾರತೀಯ ಸ್ಟ್ರೈಕರ್ ಆಡಿದ ನಿಮಿಷಗಳಿಗೆ ತಕ್ಕಂತೆ ಕ್ಲಬ್‌ಗೆ ಹಣದ ಪ್ರೋತ್ಸಾಹ ಕೊಡಬೇಕು, ಎರಡನೇ ದರ್ಜೆಯ ಲೀಗ್‌ಗಳಲ್ಲಿ ಮುಂದಿನ ಸಾಲನ್ನು ಪೂರ್ತಿ ನಮ್ಮವರಿಗೆ ಬಿಡಬೇಕು. ಆಟದ ಮಟ್ಟ ಮೊದಲ ಎರಡು ವರ್ಷ ಇಳಿಯುತ್ತದೆ, ಪ್ರೇಕ್ಷಕರು ಗೊಣಗುತ್ತಾರೆ. ಅದನ್ನು ಸಹಿಸದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಇದಕ್ಕೆಲ್ಲ ಮೊದಲು ಲೀಗ್ ಸಮಯಕ್ಕೆ ನಡೆಯಬೇಕು. 2025ರಲ್ಲಿ ಅದೂ ಆಗಲಿಲ್ಲ.

ನಮ್ಮವರಿಗೆ ಬರುವುದೇ ಇಲ್ಲ ಎಂಬ ಭಾವನ ಹತಾಶೆಗೆ ಒಂದೇ ಉತ್ತರ ಕೊಡುತ್ತೇನೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು, ಫೈನಲ್‌ನಲ್ಲಿ ಮೇಘಾಲಯದ ಎದುರು 3-2. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಲ್ಲಿ ವಿದೇಶಿಯರಿಲ್ಲ, ನಡುವೆ ನಮ್ಮ ಹುಡುಗರೇ ಆಡುತ್ತಾರೆ. ಮಟ್ಟ ಬೇರೆ, ಒಪ್ಪುತ್ತೇನೆ. ಆದರೆ ಜಾಗ ಕೊಟ್ಟರೆ ಗೋಲು ಬರುತ್ತದೆ.

ಇನ್ನು ನಿಮ್ಮ ಮಗ. ಅಕಾಡೆಮಿಯ ಕೋಚ್ ಹೇಳಿದ್ದು ಸುಳ್ಳಲ್ಲ, ಇವತ್ತಿನ ಲೆಕ್ಕದಲ್ಲಿ ಅವಕಾಶ ಅಂಚಿನಲ್ಲೇ ಇದೆ. ಓಟ ಇರುವ ಹುಡುಗನನ್ನು ಕ್ಲಬ್‌ಗಳು ಮೊದಲು ವಿಂಗರ್ ಆಗಿಯೇ ನೋಡುತ್ತವೆ. ಬರೀ ಇದಕ್ಕಾಗಿ ಅಕಾಡೆಮಿ ಬಿಡಬೇಡಿ. 14ಕ್ಕೆ ವಿಂಗ್‌ನಲ್ಲಿ ಆಡುವುದು ನಷ್ಟವೇನಲ್ಲ. ಚೆಟ್ರಿ 14 ಗೋಲು ಹೊಡೆದ ಆ 2017-18ರ ಸೀಸನ್‌ನಲ್ಲಿ ಎಡ ಅಂಚಿನಿಂದ ಒಳಗೆ ನುಗ್ಗುತ್ತಿದ್ದರು. ಛಾಂಗ್ಟೆ ಇವತ್ತಿಗೂ ಹಾಗೇ ಗೋಲು ಹೊಡೆಯುತ್ತಾರೆ.

ಅಪಾಯ ಇರುವುದು ಬೇರೆ ಕಡೆ. ಕೆಲವು ಅಕಾಡೆಮಿಗಳಲ್ಲಿ ವಿಂಗರ್ ಎಂದರೆ ಗೆರೆಗೆ ಅಂಟಿಕೊಂಡು ಓಡಿ ಕ್ರಾಸ್ ಹಾಕುವವನು, ಅಷ್ಟೇ. ಎರಡು ವರ್ಷ ಹಾಗೆ ಆಡಿದರೆ ಬಾಕ್ಸ್‌ನ ಅಭ್ಯಾಸ ತಪ್ಪಿಹೋಗುತ್ತದೆ, ಮತ್ತೆ ನಡುವೆ ನಿಂತರೆ ಅವನಿಗೇ ಹೊಸ ಜಾಗ ಅನ್ನಿಸುತ್ತದೆ. ಇನ್ನೊಂದು ಅಪಾಯ, ವಯಸ್ಸಿಗಿಂತ ಬೇಗ ಬೆಳೆದ ದೊಡ್ಡ ಮೈಯ ಹುಡುಗನನ್ನು ನಡುವೆ ನಿಲ್ಲಿಸಿ, ಅವನ ತಲೆಗೆ ಉದ್ದ ಚೆಂಡು ಹೊಡೆದು ಟ್ರೋಫಿ ಗೆಲ್ಲುವ ಆಸೆ. 14ರಲ್ಲಿ ಹುಡುಗರ ಬೆಳವಣಿಗೆಯಲ್ಲಿ ಎರಡು ಮೂರು ವರ್ಷದ ಅಂತರ ಇರುತ್ತದೆ, 17ಕ್ಕೆ ಅದು ಮಾಯವಾಗುತ್ತದೆ. ನಿಮ್ಮ ಮಗನನ್ನು ಅಂಥವನೊಬ್ಬನಿಗಾಗಿ ಸರಿಸಿದ್ದಾರಾ ಅಂತ ಎರಡು ಮೂರು ಪಂದ್ಯ ನೋಡಿದರೆ ನಿಮಗೇ ತಿಳಿಯುತ್ತದೆ.

ಕೋಚ್ ಹತ್ತಿರ ಹೋಗಿ, ಅಭ್ಯಾಸ ಮುಗಿದ ಮೇಲೆ, ಹುಡುಗ ಪಕ್ಕದಲ್ಲಿಲ್ಲದಾಗ ಮಾತಾಡಿ. ಯಾಕೆ ಸರಿಸಿದಿರಿ ಅಂತ ಕೇಳಬೇಡಿ, ಅದು ಜಗಳಕ್ಕೆ ದಾರಿ. ‘ಸರ್, ಎಡಗಡೆಯಿಂದ ಕ್ರಾಸ್ ಬರುವಾಗ ಇವನು ದೂರದ ಕಂಬಕ್ಕೆ ಹೋಗಬೇಕೋ, ಹೊರಗೇ ನಿಲ್ಲಬೇಕೋ?’ ಅಂತ ಕೇಳಿ. ಹೋಗಬೇಕು ಅಂದರೆ ನೀವು ಒಳ್ಳೆಯ ಕೈಯಲ್ಲಿದ್ದೀರಿ. ತಿಂಗಳಿಗೆ ಒಂದೆರಡು ಪಂದ್ಯದಲ್ಲಿ, ಕಡೆಯ ಇಪ್ಪತ್ತು ನಿಮಿಷವಾದರೂ ನಡುವೆ ಆಡಿಸಲು ಆಗುತ್ತದೆಯೇ ಅಂತಲೂ ವಿಚಾರಿಸಿ. ಈ ಮಟ್ಟಿಗೆ ಒಪ್ಪದ ಕೋಚ್ ನನಗೆ ಕಡಿಮೆ ಸಿಕ್ಕಿದ್ದಾರೆ.

ಹುಡುಗನಿಗೆ ಮನೆಗೆಲಸವೂ ಕೊಡಿ. ವಾರಕ್ಕೆ ಎರಡು ಸಲ ಯಾರಾದರೂ ಒಬ್ಬರು ಅಂಚಿನಿಂದ ಹಿಂದಕ್ಕೆ ಚೆಂಡು ತಳ್ಳಲಿ. ಇವನು ಬಾಕ್ಸ್‌ನ ಗೆರೆಯಿಂದ ಓಡಿ ಬಂದು ಒಂದೇ ಟಚ್‌ನಲ್ಲಿ ಹೊಡೆಯಬೇಕು, ಬಲಗಾಲಿಗೆ ಇಪ್ಪತ್ತು, ಎಡಗಾಲಿಗೆ ಇಪ್ಪತ್ತು. ಮೂಲೆಗೆ ಇಟ್ಟರೆ ಸಾಕು, ಜೋರು ಬೇಡ. ಓಡುವ ಮುಂಚೆ ಪ್ರತಿ ಸಲವೂ ಒಂದು ಸುಳ್ಳು ಹೆಜ್ಜೆ ಹಾಕಲಿ. ನಿಂತಲ್ಲಿಂದ ಹೊಡೆಯುವ ಅಭ್ಯಾಸ ಮಾತ್ರ ಬೇಡ, ಪಂದ್ಯದಲ್ಲಿ ಆ ಚೆಂಡು ಸಿಗುವುದಿಲ್ಲ.

ಈ ಸೀಸನ್ ಮುಗಿಯುವವರೆಗೆ ಕಾಯಿರಿ. ಅಷ್ಟರಲ್ಲಿ ಒಂದು ಪಂದ್ಯದಲ್ಲೂ ನಡುವೆ ಆಡಿಸದೆ, ದೂರದ ಕಂಬಕ್ಕೂ ಕಳಿಸದೆ, ಬರೀ ಗೆರೆಗುಂಟ ಓಡಿಸಿದ್ದರೆ ಆಗ ಬೇರೆ ಅಕಾಡೆಮಿ ನೋಡಿ. ಹೊಸ ಕಡೆ ಸೇರಿಸುವ ಮುಂಚೆ ಅವರಿಗೆ ಪೂರ್ತಿ ಅಳತೆಯ ಮೈದಾನ ವಾರಕ್ಕೆ ಎಷ್ಟು ದಿನ ಸಿಗುತ್ತದೆ ಅಂತ ಕೇಳಿ, ಒಂದು ದಿನ ನೀವೇ ಹೋಗಿ ನೋಡಿಕೊಂಡು ಬನ್ನಿ.